ನೀರಿಗೆ ಹೋದಾಕಿ

ಹದಿನೇಳನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಹದಿನೆಂಟನೆಯದನ್ನು ಪರಾತದಲ್ಲಿ ತಟ್ಟುತ್ತಿದ್ದೆ. ಹನ್ನೆರಡಕ್ಕೆ ಊಟದವರು ಬರುತ್ತಾರೆ, ಪಲ್ಯಕ್ಕೆ ಒಗ್ಗರಣೆ ಇನ್ನೂ ಆಗಬೇಕು. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು.

ಮುನ್ಸಿಪಾಲ್ಟಿ ಶಾಲೆಯ ಟೀಚರ್ ಬಾಯಿ. ಕಂಕುಳಲ್ಲಿ ದಪ್ಪ ಕಾಗದಗಳ ಚೀಲ, ಹಣೆಯ ಮೇಲೆ ಬೆವರು. ಜನಗಣತಿಗೆ ಬಂದಿದ್ದೇನೆ ಎಂದು ಮರಾಠಿಯಲ್ಲಿ ಹೇಳಿದರು. ತೊಂಬತ್ತೊಂದನೆಯ ಇಸವಿ, ಫೆಬ್ರುವರಿ ಹತ್ತೊಂಬತ್ತು. ಅವರು ಬರುತ್ತಾರೆಂದು ನನಗೆ ಗೊತ್ತಿತ್ತು. ಹತ್ತು ದಿನದಿಂದ ಆಂಟಾಪ್ ಹಿಲ್‌ನ ಒಂದೊಂದೇ ಚಾಳು ಮುಗಿಸುತ್ತಾ ಅವರು ನನ್ನ ಬಾಗಿಲಿನ ಕಡೆಗೆ ಬರುತ್ತಿದ್ದರು.

ಹೆಸರು ಕೇಳಿದರು. ದಾನವ್ವ ಎಂದೆ. ವಯಸ್ಸು ಮೂವತ್ತೇಳು. ಮನೆಯಲ್ಲಿ ಎಷ್ಟು ಮಂದಿ? ನಾನೊಬ್ಬಳೇ. ಕೆಲಸ? ಖಾನಾವಳಿ, ಊರ ಕಡೆಯ ಗಂಡಸರಿಗೆ ರೊಟ್ಟಿ ಊಟ. ಓದು ಬರಹ? ಬರುತ್ತದೆ, ರಾತ್ರಿ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸು. ಇದನ್ನು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಬಾಯಿ ನಕ್ಕು ಬರೆದುಕೊಂಡರು.

"ಲಗ್ನ?" ಎಂದು ಕೇಳಿ ಪೆನ್ನು ಹಿಡಿದು ನಿಂತರು. ಆಗಿದೆಯೋ, ಇಲ್ಲವೋ, ವಿಧವೆಯೋ.

ನನ್ನ ಕೈ ನಿಂತಿತು. ಜೋಳದ ರೊಟ್ಟಿಗೆ ಅದು ಆಗುವುದಿಲ್ಲ. ತಟ್ಟುವ ಕೈ ನಡುವೆ ನಿಂತರೆ ಅಂಚು ಬಿರಿಯುತ್ತದೆ. ಬಿರಿಯಿತು. ಒಂದು ಗಳಿಗೆ ಕೂತುಕೊಳ್ಳಿ, ನಿಮ್ಮನ್ನು ಒಂದು ಮಾತು ಕೇಳುವುದಿದೆ ಎಂದು ಬಾಯಿಗೆ ಮಣೆ ಕೊಟ್ಟೆ, ತಂಬಿಗೆಯಲ್ಲಿ ನೀರು ಕೊಟ್ಟೆ.

ಆ ಮಾತು ಹತ್ತು ವರ್ಷದ ಹಿಂದಿನದು.

ಅವತ್ತೂ ರೊಟ್ಟಿಯನ್ನೇ ತಟ್ಟುತ್ತಿದ್ದೆ. ಎಂಬತ್ತನೆಯ ಇಸವಿಯ ದೀಪಾವಳಿ ಕಳೆದ ವಾರ. ಬಾಗಿಲಲ್ಲಿ ಒಬ್ಬ ಗಂಡಸು ನಿಂತ. ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಉದ್ದನೆಯ ನೋಟ್‌ಬುಕ್. ಈ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ರೇಷನ್ ಇನ್ಸ್‌ಪೆಕ್ಟರ್ ಅಂದುಕೊಂಡೆ. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಕಾರ್ಡಿನಲ್ಲಿ ಅವರ ಹೆಸರು ಹಾಗೇ ಇತ್ತು, ಅವರ ಪಾಲಿನ ಸಕ್ಕರೆಯೂ ಬರುತ್ತಿತ್ತು.

ಮೂರು ಮಂದಿ ಎಂದೆ. ನಾನು, ನಮ್ಮ ಅತ್ತೆ, ಮನೆಯವರು. ಮನೆಯವರು ಫಸ್ಟ್ ಶಿಫ್ಟಿಗೆ ಹೋಗಿದ್ದಾರೆ ಎಂದೂ ಸೇರಿಸಿದೆ.

ಆತ ಬರೆದುಕೊಳ್ಳಲಿಲ್ಲ. ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದ. "ವೈನಿ," ಎಂದ ಮೆಲ್ಲಗೆ, ಅತ್ತಿಗೆಯನ್ನು ಕರೆಯುವ ಹಾಗೆ, "ನಾ ರೇಷನ್ ಇನ್ಸ್‌ಪೆಕ್ಟರ್ ಅಲ್ಲ. ನಮ್ಮ ಸೋಗಲಕಟ್ಟಿ ಅಣವೀರಪ್ಪ. ನಿಮ್ಮ ಮನೆಯವರೂ ನಾನೂ ಒಂದ ಹಳ್ಳದಾಗ ಈಸು ಕಲ್ತವರು."

ಸುಳ್ಳು ಸಿಕ್ಕಿಬಿದ್ದ ನಾಚಿಕೆಗೆ ನಾನು ಮುಖ ಎತ್ತಲಿಲ್ಲ. ಒಳಗಿನಿಂದ ಅತ್ತೆ ಶರಣವ್ವ ನಗುವುದು ಕೇಳಿಸಿತು. ಮಗ ಹೋದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ಅಣವೀರಪ್ಪನೂ ನಕ್ಕ. ನನ್ನ ಕಡೆ ನೋಡಿ ನಗಲಿಲ್ಲ, ಹಂಚಿನ ಕಡೆ ನೋಡಿ ನಕ್ಕ. ಆ ಮರ್ಯಾದೆ ನನಗೆ ನೆನಪಿದೆ.

ಆತನಿಗೆ ವಡಾಲದ ಗೋದಾಮಿನಲ್ಲಿ ಚೀಲ ಎಣಿಸಿ ಬರೆಯುವ ಕೆಲಸ. ಎಣಿಸುವುದು ಕೈಗೂ ತಲೆಗೂ ಹತ್ತಿಬಿಟ್ಟಿತ್ತು. ಈಗ ಊರನ್ನು ಎಣಿಸಲು ಹೊರಟಿದ್ದ. ನಮ್ಮ ಸೋಗಲಕಟ್ಟಿಗೆ ಆಗ ರಸ್ತೆಯಿಲ್ಲ, ಬಸ್ಸಿಲ್ಲ. ದಾದರಿನಲ್ಲಿ ರೈಲು ಹತ್ತಿ ಸೊಲ್ಲಾಪುರ, ಅಲ್ಲಿಂದ ಸಣ್ಣ ರೈಲಿನಲ್ಲಿ ಇಂಡಿ ರೋಡು, ಅಲ್ಲಿಂದ ಬಸ್ಸಿನಲ್ಲಿ ಕ್ರಾಸು. ಕ್ರಾಸಿನಿಂದ ಊರಿಗೆ ಏಳು ಮೈಲಿ ನಡಿಗೆ, ನಡುವೆ ಹಳ್ಳ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಗುಂಡುಕಲ್ಲಾಗುತ್ತದೆ. ಆತನ ಅಪ್ಪ ಸತ್ತಾಗ ತಂತಿ ಸಿಕ್ಕಿ ಕ್ರಾಸು ಮುಟ್ಟಿದ್ದ. ಹಳ್ಳ ತುಂಬಿತ್ತು. ಈ ದಂಡೆಯಲ್ಲಿ ಆತ ನಿಂತಿದ್ದ, ಆ ದಂಡೆಯಲ್ಲಿ ಮಣ್ಣು ಮುಗಿಸಿದ ಜನ ಕೈ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು. ಕೂಗಿದ, ಆದರೆ ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ.

ಊರಿನಲ್ಲಿ ಸಾವಿರ ಜನವಿದ್ದರೆ ರಸ್ತೆಯ ಅರ್ಜಿ ಮುಂದೆ ಹೋಗುತ್ತದೆ, ರಸ್ತೆಯಾದರೆ ಬಸ್ಸು ಬರುತ್ತದೆ ಎಂದು ಕಚೇರಿಯ ಕಾರಕೂನನೊಬ್ಬ ಹೇಳಿದ್ದನಂತೆ. ಅಣವೀರಪ್ಪ ದೀಪಾವಳಿಗೆ ಹೋದಾಗ ಮನೆಮನೆ ತಿರುಗಿ ಎಣಿಸಿದ್ದ. ಒಂಬೈನೂರ ನಲವತ್ತೆರಡು. ಉಳಿದವರೆಲ್ಲ ಮುಂಬಯಿಯಲ್ಲಿದ್ದೆವು. ಫೆಬ್ರುವರಿಯ ಗಣತಿಗೆ ಎಲ್ಲರೂ ಊರಿಗೆ ಹೋಗಿ ಒಂದು ತಿಂಗಳು ನಮ್ಮ ನಮ್ಮ ಮನೆಯಲ್ಲಿ ಕೂರಬೇಕು. ಇದು ಆತನ ಹೂಟ.

ಭಾನುವಾರ ಭಾನುವಾರ ಬರತೊಡಗಿದ. ಬಂದವನೇ ಸಂಖ್ಯೆ ಹೇಳುತ್ತಿದ್ದ. "ಇಪ್ಪತ್ತಾತು ವೈನಿ." ಮುಂದಿನ ವಾರ, "ಮೂವತ್ತೊಂದು." ಉಣ್ಣಲು ಕೂತರೆ ರೊಟ್ಟಿ ಎಣಿಸುವ ಸರದಿ ನನ್ನದು.

"ಐದಾದೂ," ಎನ್ನುತ್ತಿದ್ದೆ. "ಇದನ್ನೂ ಬರಕೋರಿ ನಿಮ್ಮ ಪುಸ್ತಕದಾಗ."

"ರೊಟ್ಟಿ ಬರ್ಯಾಕ ಬ್ಯಾರೆ ಪುಸ್ತಕ ಐತಿ."

"ಎಲ್ಲೈತಿ?"

ಆತ ಬೆರಳಲ್ಲಿ ಚಟ್ನಿಪುಡಿ ನೆಕ್ಕುತ್ತಾ ನೋಡುತ್ತಿದ್ದ. ಆ ನೋಟಕ್ಕೆ ನನ್ನ ಕೈಯ ರೊಟ್ಟಿ ಇನ್ನೂ ತೆಳ್ಳಗಾಗುತ್ತಿತ್ತು.

ಚೆಂಬೂರಿನಲ್ಲಿ ಶೆಟ್ಟೆಪ್ಪನವರ ಮನೆಯಲ್ಲಿ ಒಂಬತ್ತು ಮಂದಿ. ಅವರ ಮನೆಯ ಹೆಂಗಸು ಒಪ್ಪುತ್ತಿರಲಿಲ್ಲ. ಹೆಂಗಸರಿಗೆ ಹೆಂಗಸು ಹೇಳಿದರೆ ತಿಳಿಯುತ್ತದೆ ಎಂದು ಅತ್ತೆಯೇ ನನ್ನನ್ನು ಆತನ ಜೊತೆ ಕಳಿಸಿದರು. ವಡಾಲದಲ್ಲಿ ಲೋಕಲ್ ಹತ್ತಿದೆವು. ನಾನು ಲೇಡೀಸ್ ಡಬ್ಬಿ, ಆತ ಹಿಂದಿನದು. ನಾನು ಎಲ್ಲಿಯಾದರೂ ತಪ್ಪಿ ಇಳಿದುಬಿಟ್ಟೇನು ಎಂದು ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿನಿಂದ ಬಗ್ಗಿ ನನ್ನ ಕಿಟಕಿಯ ಕಡೆ ನೋಡುತ್ತಿದ್ದ. ಮೊದಲ ಸ್ಟೇಷನ್ನಿನಲ್ಲಿ ನಾನು ಮುಖ ತಿರುಗಿಸಿದೆ. ಎರಡನೆಯದರಲ್ಲಿ ತಲೆಯಾಡಿಸಿದೆ. ಕುರ್ಲಾ ಬರುವ ಹೊತ್ತಿಗೆ ರೈಲು ನಿಲ್ಲುವ ಮೊದಲೇ ನನ್ನ ಮುಖ ಕಿಟಕಿಯಲ್ಲಿತ್ತು.

ಶೆಟ್ಟೆಪ್ಪನವರ ಹೆಂಡತಿಗೆ ನಾನು ದೊಡ್ಡ ಮಾತೇನೂ ಆಡಲಿಲ್ಲ. ಮದುಮಗಳಾಗಿ ಸೋಗಲಕಟ್ಟಿಗೆ ನಡೆದು ಬಂದ ದಿನದ ಮಾತು ತೆಗೆದೆ. ಹಳ್ಳ ದಾಟುವಾಗ ಆಕೆಯ ಕಾಲಿನ ಚೈನು ಬಿದ್ದಿತ್ತು, ನನ್ನದು ಚಪ್ಪಲಿ. ಇಬ್ಬರೂ ನಕ್ಕೆವು. ನಮ್ಮ ಮನೆ ಸೊಸೆಯಂದಿರು ಬಸ್ಸಿನಲ್ಲಿ ಬರಲಿ ಎಂದೆ. ಆಕೆ ಒಂಬತ್ತು ಹೆಸರನ್ನೂ ಬರೆಸಿದಳು.

ಮರಳುವಾಗ ಚೆಂಬೂರ್ ಸ್ಟೇಷನ್ನಿನ ಬೆಂಚಿನ ಮೇಲೆ ಆತ ನೋಟ್‌ಬುಕ್ ತೆಗೆದ. ಮಧ್ಯದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆವು. ಯಾರ ಮನೆಯಲ್ಲಿ ಯಾರು ಎಂದು ಬೆರಳಿಟ್ಟು ತೋರಿಸಿದ. ನನಗೆ ಅವೆಲ್ಲ ಇರುವೆಸಾಲು.

"ನಿನ್ನ ಹೆಸರು ಒಂದ ಉಳದೈತಿ," ಎಂದ. ವೈನಿ ಎನ್ನಲಿಲ್ಲ. "ನಿಮ್ಮ ಮನೀ ಗ್ವಾಡಿ ಹ್ವಾದ ಮಳಿಗಾಲಕ್ಕ ಬಿತ್ತು. ನಿನ್ನ ಯಾರ ಮನಿಯಾಗ ಬರಸ್ಲಿ?"

"ನೀವ ಹೇಳ್ರಿ."

"ನಮ್ಮ ಮನಿ ಐತಿ."

"ಅಲ್ಲೆ ಏನಂತ ಬರಸ್ತೀರಿ?"

"ಅದನ್ನ ನೀ ಹೇಳಬೇಕು."

ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇದೆ. ಉಡಿಕಿ ಎನ್ನುತ್ತಾರೆ. ವಾಲಗವಿಲ್ಲ, ಚಪ್ಪರವಿಲ್ಲ, ಒಂದು ಸೀರೆ, ನಾಲ್ಕು ಮಂದಿ ಹಿರಿಯರು. ಅದರಲ್ಲಿ ತಪ್ಪೇನೂ ಇರಲಿಲ್ಲ. ರೈಲು ಬಂತು. ಲೇಡೀಸ್ ಡಬ್ಬಿ ಹತ್ತಿದೆ. ಟಿಳಕ್ ನಗರದಲ್ಲಿ ಕಿಟಕಿಯಿಂದ ಮುಖ ತೋರಿಸಿದೆ. ಕುರ್ಲಾದಲ್ಲಿ ತೋರಿಸಿದೆ. ವಡಾಲದ ತನಕ ಒಂದು ಸ್ಟೇಷನ್ನನ್ನೂ ಬಿಡಲಿಲ್ಲ. ಅದೇ ನನ್ನ ಉತ್ತರ. ಆತನಿಗೆ ತಿಳಿಯಿತು, ಇಳಿದಾಗ ಕಿವಿಯ ಮೇಲಿನ ಪೆನ್ಸಿಲ್ ಎಲ್ಲಿಯೋ ಬಿದ್ದುಹೋಗಿತ್ತು, ಹುಡುಕಲೂ ಇಲ್ಲ.

ಅತ್ತೆಗೆ ನಾನೇ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಬೈಯಲಿಲ್ಲ, ಅಳಲಿಲ್ಲ. ಬಹಳ ಹೊತ್ತು ಮೊರದಲ್ಲಿ ಕಲ್ಲು ಹುಡುಕಿದರು. ಆಮೇಲೆ ಹೇಳಿದರು: "ಹೋಗವ್ವಾ. ನಾ ಬ್ಯಾಡನ್ನಂಗಿಲ್ಲ. ಆತ ಚೊಲೊ ಮನಶ್ಯಾ. ಆದ್ರ ನೀ ಆ ಮನೀ ಲೆಕ್ಕಕ್ಕ ಹ್ವಾದ ಮ್ಯಾಲ, ನಾ ಯಾರ ಮನಿಯಾಕಿ ಅಂತ ಬರಸ್ಲಿ?"

ಆಕೆಯ ಕೈಯಿಂದ ಮೊರ ತೆಗೆದುಕೊಂಡು ಉಳಿದ ಅಕ್ಕಿಯನ್ನು ನಾನೇ ಆರಿಸಿದೆ.

ಫೆಬ್ರುವರಿಯ ಮೊದಲ ವಾರ ದಾದರಿನ ಪ್ಲಾಟ್‌ಫಾರಂ ಪೂರ್ತಿ ಸೋಗಲಕಟ್ಟಿಯಾಗಿತ್ತು. ಗಂಟು, ಟ್ರಂಕು, ಅಳುವ ಕೂಸು. ನಮ್ಮ ಖಾನಾವಳಿಯಲ್ಲಿ ಉಣ್ಣುವ ಊರಿನ ಖಂಡಪ್ಪ ಎಲ್ಲರನ್ನೂ ಕೂಗಿ ಕೂಗಿ ಡಬ್ಬಿಗೆ ಹತ್ತಿಸುತ್ತಿದ್ದ. ನಾನು ಕಡಕ್ ರೊಟ್ಟಿಯ ಗಂಟು ತಂದಿದ್ದೆ, ನನ್ನ ಬಟ್ಟೆಯ ಗಂಟು ತಂದಿರಲಿಲ್ಲ. ಅಣವೀರಪ್ಪ ನನ್ನ ಕೈಗಳನ್ನು ನೋಡಿದ. ಒಂದೇ ಗಂಟು. ಲೆಕ್ಕ ಮಾಡಿ ರೂಢಿಯಿದ್ದ ಮನುಷ್ಯ, ಬೇರೆ ಏನೂ ಕೇಳಲಿಲ್ಲ.

"ಈ ತಿಂಗಳ ತುಂಬ ದಾರಿ ನೋಡ್ತೀನಿ," ಎಂದ. "ಆಮ್ಯಾಲೂ ನೋಡ್ತೀನಿ. ಬರ್ತೀನಿ ಅಂತಾದ್ರೂ ಸೈ, ಬರಾಂಗಿಲ್ಲ ಅಂತಾದ್ರೂ ಸೈ, ಒಂದು ಕಾಗದ ಹಾಕು."

"ನನಗ ಬರಿಯಾಕ ಬರೂದಿಲ್ಲ."

"ಯಾರ ಕೈಲಾದ್ರೂ ಬರಸು."

ಯಾರ ಕೈಯಲ್ಲಿ? ಖಾನಾವಳಿಗೆ ಬರುವವರೆಲ್ಲ ನನ್ನನ್ನು ಅಕ್ಕ ಎನ್ನುತ್ತಿದ್ದರು. ಪೋಸ್ಟಾಫೀಸಿನ ಮುಂದೆ ಕೂತು ಬರೆದುಕೊಡುವವನು ಮರಾಠಿ, ಹಿಂದಿ ಬರೆಯುತ್ತಿದ್ದ. ಆ ಮಾತನ್ನು ಇನ್ನೊಬ್ಬರ ಮುಂದೆ ಹೇಳಿ ಬರೆಸುವುದೆಂದರೆ ಬಾಗಿಲು ತೆರೆದಿಟ್ಟು ಸೀರೆ ಬದಲಿಸಿದ ಹಾಗೆ. ಆಗಲಿಲ್ಲ.

ಮಾರ್ಚಿನಲ್ಲಿ ಖಂಡಪ್ಪ ಮರಳಿ ಬಂದ. ಸಾವಿರದ ನಾಲ್ಕು ಆಯಿತಂತೆ. ಊರಿನಲ್ಲಿ ಸಕ್ಕರೆ ಹಂಚಿದರಂತೆ. ಆಮೇಲೆ, ಅತ್ತೆ ನಳದ ಕಡೆ ಹೋದಾಗ, ದನಿ ತಗ್ಗಿಸಿ ಹೇಳಿದ. ಗಣತಿಯ ಮಾಸ್ತರು ಅಣವೀರಪ್ಪನ ಮನೆಗೆ ಹೋದಾಗ ಅವನೂ ಜೊತೆಗಿದ್ದ. ಮನೆಯಲ್ಲಿ ಮೂರು ಮಂದಿ ಎಂದು ಬರೆಸಿದನಂತೆ: ತಾನು, ತಾಯಿ, ಹೆಂಡತಿ ದಾನವ್ವ. ಮಾಸ್ತರು ಒಳಗೆ ಇಣುಕಿ ಹೆಂಡತಿ ಎಲ್ಲಿ ಎಂದು ಕೇಳಿದರಂತೆ.

"ನೀರಿಗೆ ಹೋಗ್ಯಾಳ್ರಿ ಅಂದ," ಎಂದ ಖಂಡಪ್ಪ. "ಹಿಂದಾ ಮುಂದಾ ನೋಡಲಿಲ್ಲಕ್ಕ. ಈಗ ಕೊಡ ತಗೊಂಡು ಹೊಂಟ್ಹೋದ್ಲು ಅನ್ನೂವಂಗ ಅಂದ."

ಅದೇ ಫೆಬ್ರುವರಿಯಲ್ಲಿ ಇಲ್ಲಿ ಆಂಟಾಪ್ ಹಿಲ್‌ನಲ್ಲಿ ಅತ್ತೆ ನನ್ನ ಹೆಸರು ಬರೆಸಿದ್ದರು: ಸೊಸೆ, ವಿಧವೆ, ಓದು ಬರಹ ಇಲ್ಲ. ಹೀಗೆ ಒಂದೇ ಸರಕಾರದ ಕಾಗದದಲ್ಲಿ ನಾನು ಇಬ್ಬರಾದೆ. ಒಬ್ಬಳು ಇಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಇನ್ನೊಬ್ಬಳು ಅಲ್ಲಿ ಕೊಡ ಹೊತ್ತು ಹಳ್ಳದ ದಾರಿ ಹಿಡಿದಿದ್ದಳು. ಯಾವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಹೇಳಬೇಕೇ.

ಮುಂದಿನ ಜೂನಿನಲ್ಲಿ ವಡಾಲದ ಕನ್ನಡ ರಾತ್ರಿ ಶಾಲೆಗೆ ಹೆಸರು ಹಚ್ಚಿದೆ. ಸಂಜೆಯ ಊಟ ಬೇಗ ಮುಗಿಸಿ, ಹಿಟ್ಟಿನ ಕೈ ತೊಳೆದು ಓಡುತ್ತಿದ್ದೆ. ಚನ್ನಬಸಯ್ಯ ಮಾಸ್ತರು ಯಾಕೆ ಕಲಿಯಬೇಕು ಎಂದು ಎಲ್ಲರನ್ನೂ ಕೇಳಿದರು. ಬೋರ್ಡು ಓದಲು ಎಂದೆ. ಕಾಗದ ಬರೆಯಲು ಎನ್ನಲಿಲ್ಲ. ಮೂರು ವರ್ಷ ಬೇಕಾಯಿತು ನನ್ನ ಕೈಗೆ ಒಂದು ನೆಟ್ಟಗಿನ ಸಾಲು ಬರಲು. ಅಷ್ಟರಲ್ಲಿ ಊರಿಗೆ ರಸ್ತೆಯಾಯಿತು, ಹಳ್ಳಕ್ಕೆ ಸೇತುವೆಯಾಯಿತು, ಕೆಂಪು ಬಸ್ಸು ಬಂತು. ಮುಂಬಯಿಯ ಕೆಲಸ ಬಿಟ್ಟು, ಫೈಲಿನ ಹಿಂದೆ ತಿರುಗಿ ತಿರುಗಿ ಆತ ತರಿಸಿದ ಬಸ್ಸು.

ಎಂಬತ್ತೈದರಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಬರೆದೆ. ಎರಡೇ ಸಾಲು. ಬರುತ್ತೇನೆ, ಬಸ್ಸು ನಿಲ್ಲುವಲ್ಲಿ ಇರಿ. ಅಂಟಿಸಿ, ವಿಳಾಸ ಬರೆದು, ಜೋಳದ ಡಬ್ಬಿಯ ತಳದಲ್ಲಿಟ್ಟೆ. ಅತ್ತೆಯ ಕಣ್ಣು ಆಗಲೇ ಮಂಜಾಗಿತ್ತು, ನಾನು ಕೈ ಹಿಡಿಯದೆ ನಳದ ತನಕ ಹೋಗುತ್ತಿರಲಿಲ್ಲ. ಆಕೆಯನ್ನು ಯಾರ ಮನೆಯ ಲೆಕ್ಕಕ್ಕೆ ಬಿಟ್ಟು ಹೋಗಲಿ? ಎಂಬತ್ತೆಂಟರ ಶ್ರಾವಣದಲ್ಲಿ ಆಕೆ ತೀರಿಕೊಂಡರು. ಹಿಂದಿನ ದಿನ ನನ್ನ ಕೈ ತಡವಿ, "ನಿನ್ನ ದಾರಿಗೆ ನಾ ಅಡ್ಡ ಕುಂತೆ," ಎಂದರು. ಇಲ್ಲತ್ತಿ ಎಂದೆ. ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ.

ಹದಿನಾಲ್ಕನೆಯ ದಿನ ಡಬ್ಬಿಯ ತಳದಿಂದ ಕಾಗದ ತೆಗೆದೆ. ಅವತ್ತು ಮಧ್ಯಾಹ್ನ ಅತ್ತೆಯ ಹೆಸರಿನಲ್ಲಿ ಉಣ್ಣಲು ಬಂದ ಖಂಡಪ್ಪ ಊರಿನ ಸುದ್ದಿ ಹೇಳುತ್ತಾ ಹೇಳಿದ. ಅಣವೀರಪ್ಪನ ತಾಯಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ನೀಲಾವತಿ ಎಂಬಾಕೆ ಬಂದಿದ್ದಳು, ಬಾಜೂ ಊರಿನ ವಿಧವೆ. ತಾಯಿ ಹೋದ ಮೇಲೂ ಆಕೆ ಆ ಮನೆಯಲ್ಲೇ ಉಳಿದಿದ್ದಾಳೆ. ಕಾಗದವನ್ನು ಮತ್ತೆ ಜೋಳದ ತಳಕ್ಕೆ ಇಟ್ಟೆ. ಆತನ ಮೇಲೆ ಸಿಟ್ಟು ಬರಲಿಲ್ಲ. ಏಳು ವರ್ಷ ಒಂದು ಕಾಗದವೂ ಹಾಕದವಳು ನಾನು.

ಈ ಸಂಕ್ರಾಂತಿಗೆ ಖಂಡಪ್ಪ ಮತ್ತೆ ಹೋಗಿ ಬಂದ. ಈ ಸಲ ರೊಟ್ಟಿ ಮುರಿಯದೆ ಕೂತಿದ್ದ. ನೀಲಾವತಿಗೆ ಆತನಿಂದ ಎರಡು ವರ್ಷದ ಮಗಳಿದ್ದಾಳಂತೆ. ಉಡಿಕಿ ಮಾಡಿಕೋ ಎಂದು ಹಿರಿಯರು ಕೂಡಿ ಹೇಳಿದರೆ ಅಣವೀರಪ್ಪ ಒಪ್ಪುತ್ತಿಲ್ಲವಂತೆ. "ಸರಕಾರದ ಪುಸ್ತಕದಾಗ ನನ್ನ ಹೆಂಡತಿ ಹೆಸರೈತಿ. ಆಕಿ ಕಾಗದ ಬರೂತನಕ ಅದನ್ನ ಹೊಡದ ಹಾಕಾಕ ಬರಂಗಿಲ್ಲ," ಎನ್ನುತ್ತಾನಂತೆ. ಊರಿನವರೂ ಹೌದೆನ್ನುತ್ತಾರೆ, ಆ ಪುಸ್ತಕದಿಂದಲೇ ಬಸ್ಸು ಬಂದದ್ದಲ್ಲವೇ. ಕೂಸಿನ ತಂದೆಯ ಹೆಸರು ಏನೆಂದು ಹೇಳಬೇಕೋ ತಿಳಿಯದೆ ನೀಲಾವತಿ ಮಂದಿಯ ಎದುರು ಬರುವುದನ್ನೇ ಬಿಟ್ಟಿದ್ದಾಳೆ.

"ಬಸ್ಸು ಹನ್ನೊಂದೂವರಿಗೆ ಬರ್ತೈತಕ್ಕ," ಎಂದ ಖಂಡಪ್ಪ. "ದಿನಾ ಬಸ್ ನಿಲ್ಲೂ ಕಟ್ಟಿ ಮ್ಯಾಲ ಬಂದು ಕೂಡ್ತಾನ. ಇಳದವರನ್ನ ಎಣಸ್ತಾನ. ಎಣಿಸಿ ಮನಿಗೆ ಹೋಗ್ತಾನ."

ತಿಂಗಳಾಯಿತು ಆ ಮಾತು ಕೇಳಿ. ಬರೆಯಬೇಕು ಎಂದು ದಿನವೂ ಅಂದುಕೊಂಡೆ. ಬರೆದರೆ ಆ ಪುಸ್ತಕದಿಂದ ನನ್ನ ಹೆಸರು ಹೋಗುತ್ತದೆ. ನಾನು ಆತನ ಹೆಂಡತಿಯಾಗಿರುವ ಜಾಗ ಈ ಲೋಕದಲ್ಲಿ ಅದೊಂದೇ.

ಬಾಯಿ ನೀರು ಕುಡಿದು ತಂಬಿಗೆ ಕೆಳಗಿಟ್ಟರು. ಕೇಳಿದೆ. ಹತ್ತು ವರ್ಷದ ಹಿಂದಿನ ಗಣತಿಯಲ್ಲಿ ಒಂದು ಹೆಸರು ಒಂದು ಮನೆಯಲ್ಲಿ ಬರೆದಿದ್ದರೆ ಅದು ಇನ್ನೂ ಇರುತ್ತದೆಯೇ? ಯಾರ ಹೆಂಡತಿ ಎಂದು ಬರೆದಿದ್ದರೆ?

ಬಾಯಿ ಒಳ್ಳೆಯವರು, ನಗಲಿಲ್ಲ. ನಾವು ಬರುವಾಗ ಹಳೆಯದನ್ನು ನೋಡುವುದೇ ಇಲ್ಲ ಎಂದರು. ಪ್ರತಿ ಸಲವೂ ಹೊಸದಾಗಿ ಬರೆಯುವುದು. ಕೂಡಿಸಿದ ಮೇಲೆ ಉಳಿಯುವುದು ಸಂಖ್ಯೆ, ಹೆಸರು ಯಾರಿಗೂ ಬೇಡ.

ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಎದ್ದು ತೆಗೆದೆ. ಅಂದರೆ ಆ ಹೆಸರು ಎಲ್ಲಿಯೂ ಇರಲಿಲ್ಲ. ಹತ್ತು ವರ್ಷ ನಾನು ಹೆಂಡತಿಯಾಗಿದ್ದದ್ದು ಯಾವ ಪುಸ್ತಕದಲ್ಲೂ ಅಲ್ಲ, ಆತನ ಬಾಯಿಯ ಒಂದು ಮಾತಿನಲ್ಲಿ. ಆ ಮಾತನ್ನೇ ಆತ ದಿನವೂ ಹನ್ನೊಂದೂವರೆಗೆ ಹೋಗಿ ಕಾಯುತ್ತಿದ್ದ. ಪುಸ್ತಕದಿಂದ ಹೆಸರು ಹೊಡೆಯಲು ಯಾರ ಅಪ್ಪಣೆಯೂ ಬೇಡ. ಆ ಮಾತಿನಿಂದ ಹೊಡೆಯಲು ನಾನೇ ಬೇಕು.

"ವಿಧವಾ," ಎಂದೆ ಬಾಯಿಗೆ. ಅವರು ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದರು.

ಊಟದವರನ್ನು ಕಳಿಸಿ, ಪಾತ್ರೆ ಕವುಚಿಟ್ಟು ಕೂತೆ. ಇನ್‌ಲ್ಯಾಂಡ್ ತೆಗೆದುಕೊಳ್ಳಲಿಲ್ಲ, ಕಾರ್ಡು ತೆಗೆದುಕೊಂಡೆ. ಪೋಸ್ಟಿನವನು ಓದಲಿ, ಹಿರಿಯರು ಓದಲಿ, ನೀಲಾವತಿಗೆ ಬಾರದಿದ್ದರೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ.

"ಸೋಗಲಕಟ್ಟಿ ಅಣವೀರಪ್ಪನವರಿಗೆ ದಾನವ್ವ ಬರೆಯುವುದು. ನಾನು ಬರುವುದಿಲ್ಲ. ಹೋದ ಸಲವೂ ಈ ಸಲವೂ ನನ್ನ ಹೆಸರು ಇಲ್ಲಿಯದೇ. ಗಣತಿ ಮುಗಿಯುವ ಇಪ್ಪತ್ತೆಂಟರ ಒಳಗೆ ಮಾಸ್ತರು ನಿಮ್ಮ ಮನೆಗೆ ಬಂದರೆ ನನ್ನ ಹೆಸರು ಹೇಳಬೇಡಿರಿ, ನೀಲಾವತಿಯ ಹೆಸರು ಬರೆಸಿರಿ, ಮಗಳ ಹೆಸರು ಬರೆಸಿರಿ. ಹಿರಿಯರನ್ನು ಕೂಡಿಸಿ ಆಕೆಗೆ ಸೀರೆ ಉಡಿಸಿರಿ. ನೀರಿಗೆ ಹೋದಾಕಿಯ ದಾರಿ ನೋಡಿದ್ದು ಸಾಕು. ಬಿಸಿಲಲ್ಲಿ ಕಟ್ಟೆಯ ಮೇಲೆ ಕೂರಬೇಡಿರಿ. ಈ ಅಕ್ಷರ ನನ್ನವೇ."

ಹಳೆಯ ಇನ್‌ಲ್ಯಾಂಡ್ ಡಬ್ಬಿಯಲ್ಲೇ ಇರಲಿ ಎಂದು ಬಿಟ್ಟೆ. ಅದರ ಮೇಲೆ ಜೋಳ ಸುರಿದೆ.

ಪೋಸ್ಟಾಫೀಸಿಗೆ ಹತ್ತು ನಿಮಿಷದ ದಾರಿ. ಈ ಕಾರ್ಡು ದಾದರಿಗೆ ಹೋಗುತ್ತದೆ, ಸೊಲ್ಲಾಪುರ, ಇಂಡಿ ರೋಡು, ಕ್ರಾಸು. ಅಲ್ಲಿಂದ ಕೆಂಪು ಬಸ್ಸು. ಸೇತುವೆಯ ಮೇಲೆ ಹಳ್ಳ ದಾಟುತ್ತದೆ. ಹನ್ನೊಂದೂವರೆಗೆ ಕಂಡಕ್ಟರ್ ಮೊದಲು ಟಪಾಲು ಚೀಲವನ್ನೇ ಇಳಿಸುತ್ತಾನಂತೆ. ಆತ ಅದನ್ನು ಎಣಿಸಿಕೊಳ್ಳಲಿಕ್ಕಿಲ್ಲ.

ಅಲ್ಲಿನ ಟಪಾಲು ಡಬ್ಬಿಯ ಮೇಲೆ ಕಾಗದ ತೆಗೆಯುವ ಹೊತ್ತು ಬರೆದಿತ್ತು. ಓದಿದೆ, ನಾಲ್ಕು ಗಂಟೆ. ಇನ್ನೂ ಹದಿನೈದು ನಿಮಿಷವಿತ್ತು. ಹದಿನೈದು ನಿಮಿಷವೂ ಕಾರ್ಡು ಕೈಯಲ್ಲಿ ಹಿಡಿದು ನಿಂತೆ. ಟಪಾಲಿನವನು ಸೈಕಲ್ ನಿಲ್ಲಿಸಿ ಕೀಲಿಕೈ ತೆಗೆಯುವಾಗ ಒಳಗೆ ಬಿಟ್ಟೆ.